2 ಟಿಬಿ ಹಾರ್ಡ್ ಡಿಸ್ಕಿನ ಮೂರೂ ಪಾರ್ಟಿಶನ್ ಮಾಯ, ಫೈಲುಗಳ ಹೆಸರೂ ಉಳಿಯಬೇಕು

ಹಕ್ಕಿದನಿ
ನಿನ್ನೆ ಸಂಜೆಯಿಂದ ಕೈಕಾಲೇ ಆಡುತ್ತಿಲ್ಲ. ಏಳು ವರ್ಷ ಹಳೆಯ 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಮೂರು ಪಾರ್ಟಿಶನ್, ಅಂದರೆ ಒಂದೇ ಡಿಸ್ಕಿನ ಮೂರು ಪಾಲು, ಮೂರೂ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಬಗೆ). ಒಂದರಲ್ಲಿ ಕಾಗದಪತ್ರ, ಇನ್ನೊಂದರಲ್ಲಿ ಫೋಟೋ, ಮೂರನೆಯದರಲ್ಲಿ ನಾನು ಹನ್ನೊಂದು ವರ್ಷದಿಂದ ಬೆಳಗಿನ ಜಾವ ಎದ್ದು ಹೋಗಿ ಹಿಡಿದ ಹಕ್ಕಿಗಳ ದನಿ, ಸುಮಾರು 6,800 ವೇವ್ ಫೈಲು.

ಮೊನ್ನೆಯಿಂದ ಫೋಲ್ಡರ್ ತೆರೆಯೋದಕ್ಕೇ ನಿಮಿಷಗಟ್ಟಲೆ ತಗೊಳ್ತಿತ್ತು. ನಿನ್ನೆ ಸಿಕ್ಕಿಸಿದರೆ ಒಂದು ಡ್ರೈವೂ ಬರಲಿಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದೆ, 'ಡಿಸ್ಕ್ ಇನಿಶಿಯಲೈಸ್ ಮಾಡಬೇಕು' ಅಂತ ಕೇಳಿತು. ಗಾಬರಿಯಲ್ಲಿ ಓಕೆ ಒತ್ತಿಬಿಟ್ಟೆ. 'ಡೇಟಾ ಎರರ್, ಸೈಕ್ಲಿಕ್ ರಿಡಂಡನ್ಸಿ ಚೆಕ್' ಅಂತ ಬಂದು ನಿಂತಿತು. ಆಮೇಲೆ ಏನೂ ಮುಟ್ಟಿಲ್ಲ.

ಕಾಗದಪತ್ರ, ಫೋಟೋಗಳಿಗೆ ಹೋದ ವರ್ಷದ ಬ್ಯಾಕಪ್ ಇದೆ. ದನಿಗಳದ್ದು ನಾಲ್ಕು ವರ್ಷ ಹಳೆಯದು. ಇನ್ನೊಂದು ಮಾತು: ಫೈಲಿನ ಹೆಸರಿನಲ್ಲೇ ನನ್ನ ಅರ್ಧ ಕೆಲಸ ಇದೆ. ತಾರೀಖು, ಹೊತ್ತು, ಜಾಗದ ಸಂಖ್ಯೆ, ಹಕ್ಕಿ ಯಾವುದು ಅಂತ. ದನಿ ಸಿಕ್ಕಿ ಹೆಸರು ಹೋದರೆ, ಯಾವ ಹಕ್ಕಿ ಯಾವ ವರ್ಷ ಎಲ್ಲಿ ಕೂಗಿತು ಅಂತ ನನಗೇ ಗೊತ್ತಾಗಲ್ಲ. ದಾರಿ ಇದ್ದರೆ ಹೇಳಿ.

ತಟ್ಟನೆ
ಟೆಸ್ಟ್‌ಡಿಸ್ಕ್ ಹಾಕಿ. ಉಚಿತ, ಕ್ರಿಸ್ಟೋಫ್ ಗ್ರೆನಿಯೇ ಬರೆದದ್ದು, ವಿಂಡೋಸಿನಲ್ಲೂ ಓಡುತ್ತೆ. ಅನಲೈಸ್, ಕ್ವಿಕ್ ಸರ್ಚ್, ಪಾರ್ಟಿಶನ್ ಕಂಡ ಕೂಡಲೇ ರೈಟ್. ನಾನು ಎರಡು ಸಲ ಹೀಗೇ ಉಳಿಸಿಕೊಂಡಿದ್ದೀನಿ, ಹತ್ತು ನಿಮಿಷದ ಕೆಲಸ.

ಸೆಕ್ಟರ್‌ಸೊನ್ನೆ
ದಯವಿಟ್ಟು ಈಗಲೇ ಅದನ್ನು ಮಾಡಬೇಡಿ. ತಟ್ಟನೆಯವರ ಡಿಸ್ಕ್ ಆರೋಗ್ಯವಾಗಿತ್ತು, ನಕ್ಷೆ ಮಾತ್ರ ಅಳಿಸಿತ್ತು. ಇವರದ್ದು ಬೇರೆ ಥರ. ಮೊದಲೇ ನಿಧಾನವಾಗಿದೆ, ಮೇಲೆ ಸಿಆರ್‌ಸಿ ದೂರು. ಡಿಸ್ಕಿನ ಪ್ರತಿ ಸೆಕ್ಟರಿನ (ಒಂದು ಸಲಕ್ಕೆ ಓದುವ ಚಿಕ್ಕ ತುಣುಕು) ಜೊತೆಗೂ ತಪ್ಪು ತಿದ್ದುವ ಒಂದಿಷ್ಟು ಸಂಕೇತ ಬರೆದಿರುತ್ತೆ. ಓದಿದ್ದು ಅದಕ್ಕೆ ತಾಳೆಯಾಗದೆ, ತಿದ್ದಲೂ ಆಗದೆ ಹೋದಾಗ ಡಿಸ್ಕ್ ಕೈಚೆಲ್ಲುತ್ತೆ. ವಿಂಡೋಸ್ ಅದನ್ನೇ ನಿಮಗೆ ಸಿಆರ್‌ಸಿ ಅಂತ ಹೇಳಿದ್ದು. ಅಂದರೆ ಪಾರ್ಟಿಶನ್ ಟೇಬಲನ್ನು, ಅದೇ ಆ ನಕ್ಷೆಯನ್ನು, ಯಾರೂ ಅಳಿಸಿಲ್ಲ, ಅದಿರುವ ಜಾಗವನ್ನೇ ಓದಲಿಕ್ಕೆ ಆಗ್ತಿಲ್ಲ. ಸೊರಗಿದ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಹುಡುಕಾಟ ನಡೆಸಿದರೆ ಓದುವ ಹೆಡ್ಡೇ ಸೋತುಹೋಗಬಹುದು. ಆಮೇಲೆ ಯಾವ ಸಾಫ್ಟ್‌ವೇರಿಗೂ ಅಲ್ಲಿ ಕೆಲಸವಿಲ್ಲ.

ಒಂದೇ ಒಂದು ಸಲ ಸಿಕ್ಕಿಸಿ, ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕ) ತೆಗೆದು, ಕಳಚಿಡಿ. 5, 197, 198, 199, ಈ ನಾಲ್ಕು ಸಾಲು ಸಾಕು. ಜೊತೆಗೆ ಸದ್ದು ಹೇಗಿದೆ ಹೇಳಿ. 'ಟಕ್ ಟಕ್' ಅಂತ ಒಂದೇ ಲಯದಲ್ಲಿ ಬಡಿದುಕೊಳ್ಳುತ್ತಿದ್ದರೆ ಮುಂದೆ ಹೋಗೋದೇ ಬೇಡ.

ಹಕ್ಕಿದನಿ
ಸದ್ದು ಎಂದಿನಂತೆಯೇ ಇದೆ, ಬಡಿತ ಇಲ್ಲ. ಕಿವಿಗೊಟ್ಟು ಕೇಳಿದೆ. ಸ್ಮಾರ್ಟ್‌ನಲ್ಲಿ 5ನೇ ಸಾಲು 24, 197ನೇದು 184, 198ನೇದೂ 184, 199ನೇದು ಸೊನ್ನೆ.

ಸೆಕ್ಟರ್‌ಸೊನ್ನೆ
199 ಸೊನ್ನೆ ಅಂದರೆ ಕೇಬಲ್ಲಿನ ಕಡೆ ದೂರಿಲ್ಲ. 5 ಅಂದರೆ ಕೆಟ್ಟು, ಬೇರೆ ಕಡೆಗೆ ಬದಲಾಯಿಸಿಯಾದ ಸೆಕ್ಟರ್. 197 ಅಂದರೆ ಡಿಸ್ಕಿಗೆ ಓದಲಾಗದೆ, ಏನು ಮಾಡಲಿ ಅಂತ ಬಾಕಿ ಇಟ್ಟುಕೊಂಡಿರುವ ಸೆಕ್ಟರ್. ಅಂಥವು 184. ತಟ್ಟಿ ತಡವಿದ ಜಾಗದಲ್ಲೇ ಇಷ್ಟು, ಓದುತ್ತಾ ಹೋದರೆ ಹೆಚ್ಚುತ್ತೆ.

ಮೊದಲು ಪೂರ್ತಿ ಡಿಸ್ಕಿನ ಇಮೇಜ್, ಅಂದರೆ ಸೆಕ್ಟರಿಗೆ ಸೆಕ್ಟರ್ ನಕಲು, ಆಮೇಲೆ ಎಲ್ಲ ಹುಡುಕಾಟವೂ ಇಮೇಜಿನ ಮೇಲೆ. ಅದಕ್ಕೆ ಲಿನಕ್ಸಿನ ಲೈವ್ ಪೆನ್‌ಡ್ರೈವ್, ಒಳಗೆ ಗ್ನೂ ಡಿಡಿರೆಸ್ಕ್ಯೂ, ಮತ್ತು 4 ಟಿಬಿಯ ಒಂದು ಡಿಸ್ಕ್ ಬೇಕು. ಆ ಡಿಸ್ಕ್ ಫ್ಯಾಟ್32 ಆಗಿರಬಾರದು, ಅದರಲ್ಲಿ 4 ಜಿಬಿ ಮೀರಿದ ಒಂದು ಫೈಲೂ ಕೂರಲ್ಲ. ಇಮೇಜ್ 2 ಟಿಬಿಯ ಒಂದೇ ಫೈಲು.

ಡಿಡಿರೆಸ್ಕ್ಯೂ ಮಾಮೂಲಿ ಕಾಪಿಯಂತೆ ಕೆಟ್ಟ ಜಾಗದಲ್ಲಿ ಹಟ ಹಿಡಿದು ಕೂರಲ್ಲ. ಸರಾಗವಾಗಿ ಓದಲು ಬರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತೆ, ಎಡವಿದ ಕಡೆ ಹಾರಿ ಮುಂದಕ್ಕೆ ಹೋಗುತ್ತೆ, ಕೊನೆಗೆ ಬಿಟ್ಟ ಜಾಗಗಳಿಗೆ ತಿರುಗಿ ಬಂದು ಅಂಚಿನಿಂದ ಕೆರೆಯುತ್ತೆ. ಎಲ್ಲಿ ಏನಾಯಿತು ಅನ್ನೋದನ್ನೆಲ್ಲ ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತೆ. ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯಬಹುದು. ಮ್ಯಾಪ್ ಫೈಲ್ ಕೊಡದೆ ಶುರುಮಾಡಲೇಬೇಡಿ. ಮೊದಲ ಸುತ್ತಿಗೆ ಮೈನಸ್ ಎನ್ ಹಾಕಿ, ಕೆರೆಯುವ ಕೆಲಸ ಆಗ ಬೇಡ. ಎರಡನೇ ಸುತ್ತಿಗೆ ಮೈನಸ್ ಡಿ (ಡಿಸ್ಕಿನಿಂದ ನೇರ ಓದಲು) ಮತ್ತು ಮೈನಸ್ ಆರ್ ಮೂರು (ಮೂರು ಸಲ ಮತ್ತೆ ಪ್ರಯತ್ನಿಸಲು).

ಜೀವ ತೆಗೆಯುವ ತಪ್ಪು ಒಂದಿದೆ. ಮೂಲ ಯಾವುದು, ಗುರಿ ಯಾವುದು ಅನ್ನೋದು ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ನಿಮ್ಮ ಹನ್ನೊಂದು ವರ್ಷದ ಮೇಲೆ ಕೂರುತ್ತೆ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಬಿ, ಎಸ್‌ಡಿಸಿ ಅನ್ನುವ ಹೆಸರು ನಂಬಬೇಡಿ, ಕೇಬಲ್ ಕಿತ್ತು ಹಾಕಿದರೆ ಬದಲಾಗುತ್ತೆ. ಡಿಸ್ಕಿನ ಮೇಲಿನ ಸೀರಿಯಲ್ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಬೈ-ಐಡಿ ಫೋಲ್ಡರಿನಲ್ಲಿ ಸಿಗುವ ಉದ್ದ ಹೆಸರನ್ನೇ ಬಳಸಿ. ಎಂಟರ್ ಒತ್ತುವ ಮುಂಚೆ ಕಾಗದಕ್ಕೆ ತಾಳೆ ನೋಡಿ.

ಮಳೆಬೆಳಕು
ಚೆಕ್‌ಡಿಸ್ಕ್ ಓಡಿಸಿದರೆ ಸಾಕಲ್ಲವಾ? ನಮ್ಮಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ.

ಹಳೆಯಕೀಲಿ
ನಾನು ಅದನ್ನು ಮಾಡಿ ಕಳೆದುಕೊಂಡವನು, ಅದಕ್ಕೇ ಹೇಳ್ತೀನಿ. ಚೆಕ್‌ಡಿಸ್ಕಿಗೆ ನಿಮ್ಮ ಫೈಲು ಮುಖ್ಯ ಅಲ್ಲ, ಫೈಲ್ ಸಿಸ್ಟಮ್ ಸುಸೂತ್ರವಾಗಿರೋದು ಮುಖ್ಯ. ತಾಳೆಯಾಗದ ದಾಖಲೆ ಕಂಡರೆ ಕತ್ತರಿಸಿ ಎಸೆದು 'ಎಲ್ಲ ಸರಿಹೋಯಿತು' ಅನ್ನುತ್ತೆ. ನನ್ನ ಡಿಸ್ಕಿನಲ್ಲಿ ಒಂದು ಇಡೀ ಫೋಲ್ಡರ್ ಮಾಯವಾಗಿ, ಅದರ ಬದಲು ಫೌಂಡ್ ಡಾಟ್ 000 ಅನ್ನುವ ಫೋಲ್ಡರಿನಲ್ಲಿ ಸಿಎಚ್‌ಕೆ ಚೂರುಗಳು ಉಳಿದವು. ಮೊದಲು ಇಮೇಜ್ ತೆಗೆದಿದ್ದರೆ ಹಿಂದಕ್ಕೆ ಹೋಗಬಹುದಿತ್ತು. ಚೆಕ್‌ಡಿಸ್ಕ್ ಮೂಲ ಡಿಸ್ಕಿನ ಮೇಲೇ ಬರೆಯುತ್ತೆ. ಒಮ್ಮೆ ಬರೆದ ಮೇಲೆ ಹಿಂದಿನದು ಇಲ್ಲ.

ಮಳೆಬೆಳಕು
ಸರಿ. ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಇಡೋದು? ಅದೂ ಕೇಳಿದ್ದೀನಿ.

ಸೆಕ್ಟರ್‌ಸೊನ್ನೆ
ಬೇಡ. ಹೆಡ್ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹಾರುತ್ತೆ. ತಣ್ಣಗಿದ್ದದ್ದು ಹೊರಗೆ ಬಂದಾಗ ಕೂರುವ ತೇವ ಅದಕ್ಕೆ ಗುಡ್ಡದಷ್ಟು. ಧೂಳಿನ ಕಣವೂ ಅಷ್ಟೇ, ಮುಚ್ಚಳ ಬಿಚ್ಚಬೇಡಿ ಅನ್ನೋದು ಅದಕ್ಕೇ. ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತಂದು ಹಾಕೋದೂ ಈಗಿನವುಗಳಲ್ಲಿ ಸುಮ್ಮನೆ ಆಗಲ್ಲ, ಆಯಾ ಡಿಸ್ಕಿನ ಹೆಡ್ಡಿಗೇ ಹೊಂದಿಸಿದ ಅಳತೆಗಳು ಆ ಬೋರ್ಡಿನ ಚಿಪ್ಪಿನಲ್ಲಿರುತ್ತವೆ.

ಹಕ್ಕಿದನಿ
ಮೊದಲ ಸುತ್ತು ಒಂಬತ್ತು ಗಂಟೆ ಹಿಡಿಯಿತು. 61 ಶೇಕಡಾದಲ್ಲಿ ಡಿಸ್ಕೇ ಕಾಣೆಯಾಯಿತು, ಎದೆ ಧಸಕ್ಕೆಂದಿತು. ಕಳಚಿ, ಅರ್ಧ ಗಂಟೆ ಬಿಟ್ಟು ಮತ್ತೆ ಸಿಕ್ಕಿಸಿದೆ. ನೀವು ಹೇಳಿದ ಹಾಗೆಯೇ ಎಸ್‌ಡಿಬಿ ಹೋಗಿ ಎಸ್‌ಡಿಡಿ ಆಗಿತ್ತು. ಉದ್ದ ಹೆಸರು ಬಳಸಿದ್ದಕ್ಕೆ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಸಾಕಾಯಿತು, 61ರಿಂದಲೇ ಮುಂದುವರಿಯಿತು.

ಎರಡನೇ ಸುತ್ತು 31 ಗಂಟೆ. ಕೊನೆಕೊನೆಗೆ ಒಂದು ನಿಮಿಷಕ್ಕೆ ಒಂದೆರಡು ಸೆಕ್ಟರ್ ಬರೋದೇ ಹೆಚ್ಚು. 3,90,70,29,168 ಸೆಕ್ಟರುಗಳಲ್ಲಿ ಕೊನೆಗೂ ಬಾರದೆ ಉಳಿದದ್ದು 1,088 ಕೆಬಿ. ನನಗೆ ನಂಬಿಕೆಯೇ ಬರ್ತಿಲ್ಲ. ಸ್ಮಾರ್ಟಿನ 197 ಈಗ 272 ತೋರಿಸ್ತಿದೆ.

ಸೆಕ್ಟರ್‌ಸೊನ್ನೆ
ಬಹಳ ಒಳ್ಳೆಯ ಫಲ. 1,088 ಕೆಬಿಯನ್ನು 4 ಕೆಬಿಯಿಂದ ಭಾಗಿಸಿ, 272 ಬರುತ್ತೆ. ನಿಮ್ಮ ಡಿಸ್ಕ್ ಹೊರಗೆ 512 ಬೈಟಿನ ಸೆಕ್ಟರ್ ತೋರಿಸಿದರೂ ಒಳಗೆ 4,096 ಬೈಟಿನದ್ದು. ಒಂದು ಹೋದರೆ ಎಂಟು ಒಟ್ಟಿಗೇ ಹೋಗುತ್ತವೆ. ಹಳೆಯ ಡಿಸ್ಕನ್ನು ಕಳಚಿ ಎತ್ತಿಡಿ, ಅದರ ಕೆಲಸ ಮುಗಿಯಿತು. ಮ್ಯಾಪ್ ಫೈಲಿನ ಮೊದಲ ಕೆಲವು ಸಾಲು ಇಲ್ಲಿ ಹಾಕ್ತೀರಾ?

ಹಕ್ಕಿದನಿ
ಓದಲಾಗದ ಜಾಗಕ್ಕೆ ಹಾಕುವ ಮೈನಸ್ ಗುರುತು ಮೊದಲ ಸಾಲಿನಲ್ಲೇ ಇದೆ. ಸೆಕ್ಟರ್ 0ಯಿಂದ 7. ಆಮೇಲೆ 2,048ರ ಆಸುಪಾಸಿನಲ್ಲಿ ಇನ್ನೊಂದು. ಮಿಕ್ಕವು ತುಂಬ ದೂರದಲ್ಲಿ, ಬಹುಪಾಲು ಮೂರನೇ ಪಾರ್ಟಿಶನ್ ಇರಬೇಕಾದ ಕಡೆ.

ಸೆಕ್ಟರ್‌ಸೊನ್ನೆ
ಹಾಗಾದರೆ ಕತೆ ಸ್ಪಷ್ಟವಾಯಿತು. ಎಂಬಿಆರ್ (ಮಾಸ್ಟರ್ ಬೂಟ್ ರೆಕಾರ್ಡ್, ಪಾರ್ಟಿಶನ್ ನಕ್ಷೆ ಇರುವ ದಾಖಲೆ) ಇರೋದು ಸೊನ್ನೆಯ ಸೆಕ್ಟರಿನಲ್ಲಿ. 512 ಬೈಟಿನಲ್ಲಿ ಮೊದಲ 446 ಬೂಟ್ ಆಗಲಿಕ್ಕೆ, ಮುಂದಿನ 64 ಪಾರ್ಟಿಶನ್ ಟೇಬಲ್, ಕೊನೆಯ ಎರಡು ಬೈಟು ಸಹಿ. ಒಂದೊಂದು ಪಾರ್ಟಿಶನ್ನಿಗೆ 16 ಬೈಟಿನಂತೆ ನಾಲ್ಕು ಸಾಲು, ಅಷ್ಟೇ. ನಿಮ್ಮ 2 ಟಿಬಿ ಎಲ್ಲಿಂದ ಎಲ್ಲಿಗೆ ಅಂತ ಹೇಳುತ್ತಿದ್ದದ್ದು ಆ 64 ಬೈಟು. ಅದು ಹೋಯಿತು, ಹೊಲ ಹಾಗೇ ಇದೆ. ಬಾಂದುಕಲ್ಲು ಕಿತ್ತುಹೋಗಿದೆ ಅಂತ ತಿಳಿಯಿರಿ. ಹೊಸ ಬಗೆಯ ನಕ್ಷೆಯಾದ ಜಿಪಿಟಿ ಆಗಿದ್ದರೆ ಇನ್ನೂ ಸುಲಭವಿತ್ತು, ಅದರ ಇನ್ನೊಂದು ಪ್ರತಿ ಡಿಸ್ಕಿನ ಕಟ್ಟಕಡೆಯಲ್ಲಿ ಇರುತ್ತೆ, ಜಿಡಿಸ್ಕ್ ಅನ್ನುವ ಟೂಲ್ ಅದನ್ನು ಎತ್ತಿ ಮುಂದಕ್ಕೆ ತರುತ್ತೆ. ಎಂಬಿಆರಿಗೆ ಆ ಅನುಕೂಲ ಇಲ್ಲ.

2,048 ನಿಮ್ಮ ಮೊದಲ ಪಾರ್ಟಿಶನ್ ಶುರುವಾಗುವ ಜಾಗ, ಅಲ್ಲಿ ಅದರ ವಿವರ ಹೇಳುವ ಬೂಟ್ ಸೆಕ್ಟರ್ ಇತ್ತು. ಅದೂ ಹೋಗಿದೆ. ಆದರೆ ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ನಕಲನ್ನು ಪಾರ್ಟಿಶನ್ನಿನ ಕೊನೆಯ ಸೆಕ್ಟರಿನಲ್ಲಿ ಇಟ್ಟಿರುತ್ತೆ. ಟೆಸ್ಟ್‌ಡಿಸ್ಕಿಗೆ ಅದು ಸಿಕ್ಕರೆ ಆರಂಭ ಎಲ್ಲಿ ಅನ್ನೋದನ್ನು ಲೆಕ್ಕ ಹಾಕಿಕೊಳ್ಳುತ್ತೆ. ಫೈಲುಗಳ ಪಟ್ಟಿ, ಅಂದರೆ ಎಂಎಫ್‌ಟಿ, ಅಂಚಿನಲ್ಲಿ ಇರಲ್ಲ. ಕ್ಲಸ್ಟರ್, ಅಂದರೆ ಫೈಲುಗಳಿಗೆ ಜಾಗ ಹಂಚುವ ತುಂಡು, 4 ಕೆಬಿ ಇದ್ದರೆ ಸಾಮಾನ್ಯವಾಗಿ 786432ನೇ ಕ್ಲಸ್ಟರಿನಲ್ಲಿ, ಅಂದರೆ 3 ಜಿಬಿ ಒಳಗೆ ಶುರುವಾಗುತ್ತೆ. ಮೊದಲ ಪಾರ್ಟಿಶನ್ನಿಗೆ ಭಯಪಡಬೇಡಿ.

ಈಗ ಟೆಸ್ಟ್‌ಡಿಸ್ಕಿಗೆ ಇಮೇಜ್ ಫೈಲನ್ನು ಕೊಡಿ. ಈಗಲೂ ರೈಟ್ ಬೇಡ. ಪಾರ್ಟಿಶನ್ ಕಂಡರೆ ಪಿ ಒತ್ತಿ ಫೈಲ್ ಪಟ್ಟಿ ನೋಡಿ. ಹೆಸರುಗಳು ಸರಿಯಾಗಿ ಕಂಡರೆ ಅಲ್ಲಿಂದಲೇ ಸಿ ಒತ್ತಿ ಬೇರೆ ಕಡೆಗೆ ಕಾಪಿ ಮಾಡಿ.

ತಟ್ಟನೆ
ನನ್ನ ಮೊದಲ ಮಾತನ್ನು ಹಿಂದಕ್ಕೆ ತಗೊಳ್ತೀನಿ. ಸ್ಮಾರ್ಟ್ ನೋಡದೆ ಹಾಗೆ ಹೇಳಬಾರದಿತ್ತು.

ಬೆಳ್ಳಿಗೆರೆ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಎಸ್‌ಎಸ್‌ಡಿ, ತಪ್ಪಿ ಕ್ವಿಕ್ ಫಾರ್ಮ್ಯಾಟ್ ಆಗಿದೆ. ಇದೇ ದಾರಿ ನಡೆಯುತ್ತಾ?

ಹಳೆಯಕೀಲಿ
ಬಹುತೇಕ ಇಲ್ಲ, ಆಸೆ ಹುಟ್ಟಿಸಲು ಮನಸ್ಸು ಬರ್ತಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನು ಮಾತ್ರ ಹೊಸದಾಗಿ ಬರೆಯುತ್ತೆ, ಮಾಲು ಅಲ್ಲೇ ಇರುತ್ತೆ. ಎಸ್‌ಎಸ್‌ಡಿಗೆ ಸಿಸ್ಟಮ್ 'ಈ ಜಾಗವೆಲ್ಲ ಇನ್ನು ಬೇಡ' ಅಂತ ಟ್ರಿಮ್ ಕಳಿಸುತ್ತೆ, ಅದು ಒಳಗೊಳಗೇ ಗುಡಿಸಿಬಿಡುತ್ತೆ. ಟ್ರಿಮ್ ಆಫ್ ಆಗಿದ್ದರೆ, ಅಥವಾ ಹಳೆಯ ಯುಎಸ್‌ಬಿ ಪೆಟ್ಟಿಗೆ ಅದನ್ನು ಮುಂದಕ್ಕೆ ದಾಟಿಸದೆ ಇದ್ದರೆ ಸಿಗಬಹುದು. ಕರೆಂಟು ತೆಗೆದಿಟ್ಟು ನಿಮ್ಮ ವಿವರವನ್ನು ಬೇರೆ ಎಳೆಯಲ್ಲಿ ಬರೆಯಿರಿ, ನೋಡ್ತೀನಿ.

ಹಕ್ಕಿದನಿ
ಎರಡನೇ, ಮೂರನೇ ಪಾರ್ಟಿಶನ್ ಕ್ವಿಕ್ ಸರ್ಚಿನಲ್ಲೇ ಬಂದವು. ಮೊದಲನೆಯದು ಡೀಪರ್ ಸರ್ಚಿನಲ್ಲಿ ಸಿಕ್ಕಿತು, ಕೆಳಗೆ ಬ್ಯಾಕಪ್ ಸೆಕ್ಟರಿನಿಂದ ಅಂತ ಬರೆದಿತ್ತು. ಪಿ ಒತ್ತಿದಾಗ ನನ್ನ ಫೋಲ್ಡರುಗಳ ಹೆಸರು ಒಂದೊಂದಾಗಿ ಕಂಡವು. ಕಣ್ಣು ಮಂಜಾಯಿತು, ನಿಜ ಹೇಳ್ತೀನಿ. ಮೊದಲೆರಡು ಪೂರ್ತಿ ಕಾಪಿ ಆಗಿವೆ.

ಮೂರನೆಯದರಲ್ಲಿ ಮಾತ್ರ ಎಲ್ಲೋ ತಪ್ಪಿದೆ. ಎಣಿಸಿದರೆ ಇನ್ನೂರಕ್ಕೂ ಹೆಚ್ಚು ಫೈಲು ಕಡಿಮೆ. ಅದರಲ್ಲೂ ಎರಡು ವರ್ಷದ ಹಿಂದಿನ ಮಾರ್ಚ್ ಪೂರಾ ಬರಿದು. ಒಂದು ಗೂಬೆ ಜೋಡಿಯನ್ನು ಆ ತಿಂಗಳಿಡೀ ದಿನವೂ 5:42ರ ಆಸುಪಾಸಿನಲ್ಲಿ ಹಿಡಿದಿದ್ದೆ.

ಸೆಕ್ಟರ್‌ಸೊನ್ನೆ
ಎಂಎಫ್‌ಟಿಗೇ ಪೆಟ್ಟು ಬಿದ್ದಿದೆ. ಒಂದು ಫೈಲಿನ ದಾಖಲೆ 1,024 ಬೈಟು. ಅದರಲ್ಲಿ ಹೆಸರು, ತಾರೀಖು, ಮತ್ತು ಫೈಲು ಡಿಸ್ಕಿನ ಯಾವ ಕ್ಲಸ್ಟರುಗಳಲ್ಲಿದೆ ಅನ್ನುವ ವಿಳಾಸ ಇರುತ್ತೆ. 4 ಕೆಬಿಯ ಒಂದು ಸೆಕ್ಟರ್ ಸತ್ತರೆ ನಾಲ್ಕು ದಾಖಲೆ ಹೋದವು. ಒಂದರ ಹಿಂದೆ ಒಂದು ಕಾಪಿ ಮಾಡಿದ ಫೈಲುಗಳ ದಾಖಲೆ ಅಕ್ಕಪಕ್ಕ ಕೂರುತ್ತವೆ, ಅದಕ್ಕೇ ಒಂದೇ ತಿಂಗಳು ಬರಿದಾಗಿದೆ. ದನಿ ಮಾತ್ರ ಬೇರೆ ಕಡೆ ಇದೆ. ವಿಳಾಸ ಇಲ್ಲ, ಅಷ್ಟೇ.

ಫೋಟೋರೆಕ್ ಇಲ್ಲಿ ಬೇಕಾಗುತ್ತೆ, ಟೆಸ್ಟ್‌ಡಿಸ್ಕಿನ ಜೊತೆಗೇ ಬರುತ್ತೆ. ಅದು ಫೈಲ್ ಸಿಸ್ಟಮನ್ನು ಕೇಳೋದೇ ಇಲ್ಲ, ಒಂದೊಂದು ಬ್ಲಾಕಿನ ತಲೆ ನೋಡಿ ಇದು ಇಂಥ ಫೈಲು ಅಂತ ಗುರುತು ಹಿಡಿಯುತ್ತೆ. ವೇವ್ ಫೈಲಿನ ಮೊದಲಲ್ಲೇ ತನ್ನ ಉದ್ದ ಬರೆದಿರುತ್ತೆ, ಹಾಗಾಗಿ ಕತ್ತರಿಸೋದು ಸಲೀಸು. ಫೈಲು ಚೂರುಚೂರಾಗಿ ಹರಡಿದ್ದರೆ ಮಾತ್ರ ಕಷ್ಟ. ಮೂರನೇ ಪಾರ್ಟಿಶನ್ ಆರಿಸಿ, ಫೈಲ್ ಬಗೆಗಳಲ್ಲಿ ಎಲ್ಲ ತೆಗೆದು ವೇವ್‌ಗೆ ಸಂಬಂಧಿಸಿದ್ದೊಂದೇ ಇಡಿ. ಫ್ರೀ (ಖಾಲಿ ಜಾಗ ಮಾತ್ರ) ಅಥವಾ ಹೋಲ್ (ಇಡೀ ಪಾರ್ಟಿಶನ್) ಅಂತ ಕೇಳುತ್ತೆ. ಫ್ರೀ ಒತ್ತಿದರೆ ನಿಮ್ಮ ಫೈಲು ಸಿಗಲ್ಲ! ದಾಖಲೆ ಹೋಗಿದ್ದರೂ ಆ ಕ್ಲಸ್ಟರುಗಳು ಲೆಕ್ಕದಲ್ಲಿ 'ಬಳಕೆಯಲ್ಲಿದೆ' ಅಂತಲೇ ಇವೆ. ಹೋಲ್ ಆರಿಸಿ. 6,800 ಮತ್ತೊಮ್ಮೆ ಬರುತ್ತವೆ. ಈಗಾಗಲೇ ಸಿಕ್ಕವನ್ನು ಚೆಕ್‌ಸಮ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ಹೋಲಿಸಿ ತೆಗೆದುಹಾಕಿ.

ಹಕ್ಕಿದನಿ
ಹೆಸರು ಬರಲ್ಲ ಅಲ್ಲವೇ? ನನಗೆ ಅದೇ ಕೊರಗು.

ಗಾಳಿಮಾತು
ನಾನು ಧ್ವನಿ ರೆಕಾರ್ಡಿಂಗ್ ಕೆಲಸದವನು, ಡಿಸ್ಕಿನ ಬಗ್ಗೆ ಹೆಚ್ಚು ಗೊತ್ತಿಲ್ಲ. ಆದರೆ ಇದು ಗೊತ್ತು. ನಿಮ್ಮದು ಹೊರಾಂಗಣಕ್ಕೆ ಒಯ್ಯುವ ರೆಕಾರ್ಡರ್ ಆದರೆ ಬಹುಶಃ ಬ್ರಾಡ್‌ಕಾಸ್ಟ್ ವೇವ್ ಬರೆಯುತ್ತೆ. ಯುರೋಪಿನ ಪ್ರಸಾರಕರ ಒಕ್ಕೂಟ 1997ರಲ್ಲಿ ಗೊತ್ತುಮಾಡಿದ ಬಗೆ. ಫೈಲಿನೊಳಗೇ ಬೆಕ್ಸ್ಟ್ ಅನ್ನುವ ತುಣುಕು ಇರುತ್ತೆ, ಅದರಲ್ಲಿ ತಾರೀಖಿಗೆ 10 ಅಕ್ಷರ, ಹೊತ್ತಿಗೆ 8 ಅಕ್ಷರ. ಹೊರಗಿನ ಹೆಸರು ಹೋದರೂ ಒಳಗಿನದು ಹೋಗಲ್ಲ. ಸಿಕ್ಕ ಒಂದು ಫೈಲನ್ನು, ಬೈಟುಗಳನ್ನೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು ನೋಡಿ.

ಸೆಕ್ಟರ್‌ಸೊನ್ನೆ
ಇದು ನನಗೆ ತಿಳಿದಿರಲಿಲ್ಲ, ತುಂಬ ಥ್ಯಾಂಕ್ಸ್. ಇನ್ನೊಂದನ್ನು ಸೇರಿಸ್ತೀನಿ. ಎನ್‌ಟಿಎಫ್‌ಎಸ್‌ನಲ್ಲಿ ಹೆಸರು ಎಂಎಫ್‌ಟಿಯಲ್ಲಿ ಮಾತ್ರ ಇರೋದಿಲ್ಲ. ಫೋಲ್ಡರಿನ ಸೂಚಿಯಲ್ಲೂ ಹೆಸರು, ಗಾತ್ರ, ಸಮಯ ಬರೆದಿರುತ್ತೆ. ಸೂಚಿ ಬೇರೆ ಜಾಗದಲ್ಲಿದ್ದರೆ ಬದುಕಿರಬಹುದು. ಡಿಎಂಡಿಇ ಥರದ ಟೂಲಿನಲ್ಲಿ ಮಾರ್ಚ್ ಫೋಲ್ಡರಿನ ಸೂಚಿ ತೆರೆಯಿರಿ. ಯಾವ ಹೆಸರಿಗೆ ಎಂಎಫ್‌ಟಿ ದಾಖಲೆ ಇಲ್ಲವೋ ಅದೇ ನಿಮ್ಮ ಕಳೆದುಹೋದವರ ಪಟ್ಟಿ. ಬೈಟಿಗೆ ಬೈಟು ಗಾತ್ರ ತಾಳೆಯಾದರೆ ಜೋಡಿ ಸಿಕ್ಕಂತೆ.

ಹಕ್ಕಿದನಿ
ಐದು ದಿನ ಬೇಕಾಯಿತು, ಇವತ್ತು ಲೆಕ್ಕ ಒಪ್ಪಿಸ್ತೀನಿ.

ಎಂಎಫ್‌ಟಿಯಲ್ಲಿ ಸತ್ತ ಸೆಕ್ಟರ್ 53, ಅಂದರೆ 212 ದಾಖಲೆ. ಏಳು ನಾನು ಎಂದೋ ಅಳಿಸಿದ ಫೈಲಿನವು. ಮಿಕ್ಕ 205ರ ಹೆಸರೂ ಗಾತ್ರವೂ ಫೋಲ್ಡರ್ ಸೂಚಿಯಲ್ಲಿ ಸಿಕ್ಕವು. ಫೋಟೋರೆಕ್ 198 ಫೈಲನ್ನು ಇಡಿಯಾಗಿ ಕೊಟ್ಟಿತು, ಎಲ್ಲಕ್ಕೂ ಎಫ್ ಅಕ್ಷರ ಮತ್ತು ಸಂಖ್ಯೆಯೇ ಹೆಸರು.

ಅವುಗಳಲ್ಲೊಂದನ್ನು ಹೆಕ್ಸಿನಲ್ಲಿ ತೆರೆದೆ. ರಿಫ್, ವೇವ್, ಬೆಕ್ಸ್ಟ್, ಆಮೇಲೆ ಉದ್ದಕ್ಕೆ ಸೊನ್ನೆಗಳು. ಅವು ದಾಟಿದ ಮೇಲೆ ತಾರೀಖು, ಅದಕ್ಕೆ ಅಂಟಿಕೊಂಡೇ 05:42:17. ಗಾಳಿಮಾತು ಅವರಿಗೆ ಹೇಗೆ ಥ್ಯಾಂಕ್ಸ್ ಹೇಳಲಿ! ಚಿಕ್ಕ ಸ್ಕ್ರಿಪ್ಟ್ ಬರೆದು, ಆ ತಾರೀಖು ಹೊತ್ತನ್ನು ಸೂಚಿಯ ಹೆಸರುಗಳಿಗೆ ತಾಳೆ ಹಾಕಿ 181ಕ್ಕೆ ಹೆಸರು ಕೊಟ್ಟೆ. 17 ಉಳಿದವು. ಕೆಲವು ಬೆಕ್ಸ್ಟ್ ಬರೆಯದ ಹಳೆಯ ರೆಕಾರ್ಡರಿನವು. ಮಿಕ್ಕವು ಬ್ಯಾಟರಿ ಬದಲಿಸಿದಾಗ ಗಡಿಯಾರ ಮೊದಲಿಗೇ ಹೋಗಿದ್ದವು. ಅವುಗಳಲ್ಲಿ 15 ಗಾತ್ರದಿಂದಲೇ ಗುರುತು ಸಿಕ್ಕವು. ಎರಡರ ಗಾತ್ರ ಒಂದೇ ಆಗಿತ್ತು, ಕೂತು ಕೇಳಿ ಬೇರ್ಪಡಿಸಿದೆ.

ಸೆಕ್ಟರ್‌ಸೊನ್ನೆ
ಅದ್ಭುತ ಕೆಲಸ. ಒಂದು ಬಾಕಿ ಇದೆ. 272ರಲ್ಲಿ 53 ಎಂಎಫ್‌ಟಿಯವು, ಮಿಕ್ಕವು ಎಲ್ಲಿ? ಕೆಲವು ಖಾಲಿ ಜಾಗದಲ್ಲಿ, ಕೆಲವು ಫೈಲುಗಳ ಹೊಟ್ಟೆಯಲ್ಲಿ. ಇಮೇಜಿನಲ್ಲಿ ಅಲ್ಲಿ ಸೊನ್ನೆಗಳಿವೆ, ನೋಡಿದರೆ ತಿಳಿಯಲ್ಲ. ಡಿಡಿರೆಸ್ಕ್ಯೂಗೆ ಫಿಲ್ ಮೋಡ್ ಇದೆ. ಮ್ಯಾಪ್ ಫೈಲಿನ ಪ್ರತಿ ತೆಗೆದಿಟ್ಟು, ಕೆಟ್ಟ ಸೆಕ್ಟರುಗಳಲ್ಲೆಲ್ಲ ಬೇರೆಲ್ಲೂ ಬರಲಾರದ ಒಂದು ಪದ ತುಂಬಿಸಿ. ಫೈಲುಗಳನ್ನು ಮತ್ತೆ ಹೊರತೆಗೆದು ಆ ಪದ ಹುಡುಕಿ. ಯಾವ ಫೈಲಿನಲ್ಲಿ ಸಿಗುತ್ತೋ ಅದಕ್ಕೆ ಗಾಯವಾಗಿದೆ. ಮೂಲ ಡಿಸ್ಕಿನಿಂದ ಇನ್ನು ಓದೋದಿಲ್ಲ ಅಂತ ತೀರ್ಮಾನಿಸಿದ ಮೇಲೆ ಮಾತ್ರ ಇದನ್ನು ಮಾಡಿ.

ಹಕ್ಕಿದನಿ
ಮಾಡಿದೆ. ಗಾಯವಾದ ಫೈಲು 31. ಫೋಟೋ 22, ದನಿ 9. ಫೋಟೋಗಳಲ್ಲಿ 20 ಬ್ಯಾಕಪ್ಪಿನಲ್ಲಿ ಇದ್ದವು. ದನಿಯ ಫೈಲುಗಳನ್ನು ಕೇಳಿ ನೋಡಿದೆ, ಒಂದು ಕಡೆ 'ಟಕ್' ಅಂತ ಸದ್ದು ಅಷ್ಟೇ. ನನ್ನದು 48 ಕಿಲೋಹರ್ಟ್ಸ್, 16 ಬಿಟ್, ಒಂದೇ ಚಾನೆಲ್. 4,096 ಬೈಟಿಗೆ 43 ಮಿಲಿಸೆಕೆಂಡ್ ಆಗುತ್ತೆ.

ಸಿಗದ ಏಳು ಫೈಲುಗಳಲ್ಲಿ ನಾಲ್ಕು ಅರ್ಧಕ್ಕೆ ಕೆಟ್ಟಿವೆ, ಚೂರಾಗಿ ಹರಡಿದ್ದವು ಅಂತ ಕಾಣುತ್ತೆ. ಮೂರರ ಸುಳಿವೇ ಇಲ್ಲ. ಆ ನಾಲ್ಕರಲ್ಲಿ ಮಾರ್ಚ್ 11ರ ಗೂಬೆಗಳದ್ದೂ ಒಂದು. ಒಂದು ಕೂಗುತ್ತೆ, ದೂರದಿಂದ ಇನ್ನೊಂದು ಓಗೊಡುತ್ತೆ, ಮೊದಲನೆಯದು ಮತ್ತೆ ಕೂಗಲು ಶುರುಮಾಡುತ್ತೆ, ಅಲ್ಲಿಂದ ಬರೀ ಗರಗರ. ಅದನ್ನೂ ಇಟ್ಟುಕೊಂಡಿದ್ದೀನಿ. ಹೆಸರಿನ ಕೊನೆಗೆ 'ಅರ್ಧ' ಅಂತ ಸೇರಿಸಿದ್ದೀನಿ.

ಎಲ್ಲವೂ ಈಗ ಎರಡು ಡಿಸ್ಕಿನಲ್ಲಿವೆ, ಮೂರನೇ ಪ್ರತಿ ಈ ಹೊತ್ತು ಕಾಪಿ ಆಗ್ತಿದೆ.